ಸಹಾಯ ಬೇಕು: ಗಿಡಿಯನ್ ಹೇಗ್ ಅವರ ಹಳೇ ಪುಸ್ತಕ ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ಕ್ರಿಕೆಟ್ ಬರಹಗಾರ ಗಿಡಿಯನ್ ಹೇಗ್ ಅವರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. 1965ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಇವರು 1984ರಲ್ಲಿ ಮೆಲ್ಬರ್ನ್‌ನ ‘ದಿ ಏಜ್’ ಪತ್ರಿಕೆ ಸೇರಿದರು. ವ್ಯಾಪಾರ, ಕಂಪನಿಗಳ ಸುದ್ದಿಯನ್ನೂ ಬರೆದವರು. ಟಿವಿ ಉದ್ಯಮಿ ಕೆರ್ರಿ ಪ್ಯಾಕರ್ ಕ್ರಿಕೆಟ್ ಮಂಡಳಿಗೆ ಸಡ್ಡು ಹೊಡೆದು 1970ರ ದಶಕದಲ್ಲಿ ನಡೆಸಿದ ಸರಣಿಯ ಕುರಿತ ‘ದಿ ಕ್ರಿಕೆಟ್ ವಾರ್’ ಪುಸ್ತಕ 1993ರಲ್ಲಿ ಬಂತು. ದುಡ್ಡಿನ ಲೆಕ್ಕ ಗೊತ್ತಿದ್ದವರೇ ಆ ಕತೆ ಬರೆದದ್ದು ಒಳ್ಳೆಯದಾಯಿತು ಅನ್ನಿ.

ನನಗೆ ಬೇಕೇ ಬೇಕಿರುವುದು 1999ರ ‘ಮಿಸ್ಟರಿ ಸ್ಪಿನ್ನರ್’. ಇದು ಆಸ್ಟ್ರೇಲಿಯಾದ ಸ್ಪಿನ್ ಬೌಲರ್ ಜ್ಯಾಕ್ ಐವರ್ಸನ್ ಜೀವನಚರಿತ್ರೆ. ಸೈನ್ಯದಲ್ಲಿದ್ದಾಗ ಟೇಬಲ್ ಟೆನಿಸ್ ಚೆಂಡನ್ನು ಮಡಚಿದ ನಡುಬೆರಳಿನಿಂದ ಚಿಮ್ಮಿಸುತ್ತಾ ತನ್ನದೇ ಒಂದು ಬೌಲಿಂಗ್ ಕಂಡುಕೊಂಡ ಮನುಷ್ಯ. ಆಡಿದ್ದು ಬರೀ 5 ಟೆಸ್ಟ್, ಎಲ್ಲವೂ 1950-51ರಲ್ಲಿ. ವಿಕೆಟ್ 21. ಸಿಡ್ನಿಯಲ್ಲಿ ಇಂಗ್ಲೆಂಡ್ ವಿರುದ್ಧ 27 ರನ್‌ಗೆ 6. ಆಮೇಲೆ ಟೆಸ್ಟ್ ಆಡಲೇ ಇಲ್ಲ, 1973ರಲ್ಲಿ ತೀರಿಕೊಂಡರು. ಬ್ರಾಡ್‌ಮನ್ ಬಗ್ಗೆ ಬರೆದವರು ಬೇಕಾದಷ್ಟು ಜನ. ಇಂಥವರ ಬದುಕನ್ನು ಹುಡುಕಿ ತೆಗೆಯುವುದೇ ಕಷ್ಟ ಅಲ್ವಾ? ಅದಕ್ಕೇ ನನ್ನ ಲೇಖನದಲ್ಲಿ ಈ ಪುಸ್ತಕಕ್ಕೇ ಜಾಸ್ತಿ ಜಾಗ.

ಆಸ್ಟ್ರೇಲಿಯಾದ ಆಟಗಾರರಾದ ಶೇನ್ ವಾರ್ನ್ (2012), ವಿಕ್ಟರ್ ಟ್ರಂಪರ್ (2016) ಕುರಿತ ಹೇಗ್ ಅವರ ಪುಸ್ತಕಗಳು ಸಿಕ್ಕಿವೆ. ಆದರೆ ‘ಮಿಸ್ಟರಿ ಸ್ಪಿನ್ನರ್’ ಜೊತೆಗೆ, ಅಲ್ಲಿನ ಹಳೇ ನಾಯಕ ವಾರ್ವಿಕ್ ಆರ್ಮ್‌ಸ್ಟ್ರಾಂಗ್ ಬಗೆಗಿನ ‘ದಿ ಬಿಗ್ ಶಿಪ್’ (2001) ಕೂಡ ಸಿಗುತ್ತಿಲ್ಲ. ಬೆಂಗಳೂರು, ಮೈಸೂರು ಕಡೆ ಯಾರ ಹತ್ತಿರವಾದರೂ ಇವೆರಡು ಇದ್ದರೆ ದಯವಿಟ್ಟು ತಿಳಿಸಿ. ಬಂದು ತೆಗೆದುಕೊಂಡು, ಓದಿ, ಜೋಪಾನವಾಗಿ ವಾಪಸ್ ಕೊಡುತ್ತೇನೆ. ಗೆರೆ ಎಳೆಯುವ ಅಭ್ಯಾಸ ನನಗಿಲ್ಲ! ಮೆಲ್ಬರ್ನ್‌ನಲ್ಲಿರುವ ಕನ್ನಡಿಗರೇ, ಅಲ್ಲಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸುತ್ತೀರಾ? ಪುಸ್ತಕದ ಬೆಲೆ, ಅಂಚೆ ಖರ್ಚು ಎರಡೂ ನನ್ನದೇ.