ಮರು: ಮೂಳೆ ಕ್ಯಾನ್ಸರ್ ಫಲಕಕ್ಕೆ ಪದ ಬೇಕು – ಮೈಕ್ರೋ ಆರ್‌ಎನ್‌ಎ, ಜೀನ್ ಸೈಲೆನ್ಸಿಂಗ್

ನಮಸ್ಕಾರ ಮೇಡಂ,

ಮೂಳೆ ಕ್ಯಾನ್ಸರ್ ಫಲಕದಲ್ಲಿ ಮೈಕ್ರೋ ಆರ್‌ಎನ್‌ಎ, ಜೀನ್ ಸೈಲೆನ್ಸಿಂಗ್ ಇವಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೀರಿ, ಫಲಕ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು ಅಂದಿದ್ದೀರಿ. ಅದಕ್ಕೆ ಮೊದಲು ಉತ್ತರ, ವಾದ ಆಮೇಲೆ. "ಮೈಕ್ರೋ ಆರ್‌ಎನ್‌ಎ" ಅಂತಲೇ ಬರೆಯಿರಿ. ಸೈಲೆನ್ಸಿಂಗ್‌ಗೆ (ಅಂದರೆ ಜೀನಿನ ಕೆಲಸ ಕುಗ್ಗಿಸುವುದಕ್ಕೆ) "ತಗ್ಗಿಸು" ಸಾಕು. "ಮೌನಗೊಳಿಸು" ಬೇಡವೇ ಬೇಡ.

ಮೈಕ್ರೋ ಆರ್‌ಎನ್‌ಎ ಮಾಡುವ ಕೆಲಸ ನೋಡಿ. ಸುಮಾರು 22 ನ್ಯೂಕ್ಲಿಯೋಟೈಡ್ (ಆರ್‌ಎನ್‌ಎ ಸರಪಳಿಯ ಕೊಂಡಿ) ಉದ್ದದ ಆರ್‌ಎನ್‌ಎ ತುಣುಕು. ಅದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ಜೀನಿನಿಂದ ಸಂದೇಶ ಹೊತ್ತು ಬರುವ ಇನ್ನೊಂದು ಆರ್‌ಎನ್‌ಎಗೆ ಹೋಗಿ ಅಂಟಿಕೊಳ್ಳುತ್ತದೆ. ಆಗ ಆ ಸಂದೇಶದಿಂದ ಆಗುವ ಪ್ರೋಟೀನ್ ಕಡಿಮೆಯಾಗುತ್ತದೆ, ಸಂದೇಶವೂ ಬೇಗ ಚೂರಾಗುತ್ತದೆ. ಸಾಮಾನ್ಯವಾಗಿ ಪೂರ್ತಿ ನಿಂತುಹೋಗುವುದಿಲ್ಲ. ಇದರಲ್ಲಿ ಮೌನ ಎಲ್ಲಿಂದ ಬಂತು? ಇಂಗ್ಲಿಷಿನವರು ಹಾಗೆ ಹೇಳಿದರು ಅಂತ ನಾವೂ ಹೇಳಬೇಕಾ?

ಇನ್ನೊಬ್ಬರು "ಹತ್ತಿಕ್ಕು" ಅಂದರು. ಹತ್ತಿಕ್ಕೋದು ದಂಗೆಯನ್ನು, ಮುಷ್ಕರವನ್ನು. ಮಗುವನ್ನು ತಪಾಸಣೆಗೆ ಕರೆತಂದ ತಾಯಿ ಓದುವ ಫಲಕದಲ್ಲಿ ಆ ಪದ ಯಾಕೆ? ಉರಿ ತಗ್ಗಿಸು, ದನಿ ತಗ್ಗಿಸು, ಜ್ವರ ತಗ್ಗಿತು – ಇವು ಎಲ್ಲರ ಬಾಯಲ್ಲೂ ಇವೆ. ಹಾಗಂತ "ತಗ್ಗಿಸುವಿಕೆ" ಅಂತ ನಾಮಪದ ಮಾಡಲು ಹೋಗಬೇಡಿ. ಕನ್ನಡ ವಾಕ್ಯ ನಿಲ್ಲುವುದು ಕ್ರಿಯಾಪದದ ಮೇಲೆ. ಇದನ್ನು ಇಲ್ಲಿ ಎಷ್ಟು ಸಲ ಬರೆದರೂ ಅನುವಾದಗಳಲ್ಲಿ "ಇಕೆ"ಗಳ ಕಾಟ ಕಡಿಮೆಯಾಗಿಲ್ಲ.

ಪದಕ್ಕಿಂತ ದೊಡ್ಡ ತೊಂದರೆ ನಿಮ್ಮ ವಾಕ್ಯದಲ್ಲಿದೆ. "ಮೈಕ್ರೋ ಆರ್‌ಎನ್‌ಎಗಳು ಮೂಳೆ ಕ್ಯಾನ್ಸರ್ ಬೆಳೆಸುತ್ತವೆ" ಅಂತ ಬರೆದಿದ್ದೀರಿ. ಅರ್ಧ ಸತ್ಯ. ಆಸ್ಟಿಯೋಸಾರ್ಕೋಮಾವನ್ನೇ ತಗೊಳ್ಳಿ, ಹದಿಹರೆಯದವರ ಮೊಣಕಾಲಿನ ಸುತ್ತಮುತ್ತ ಜಾಸ್ತಿ ಕಾಣಿಸಿಕೊಳ್ಳುವ ಕ್ಯಾನ್ಸರ್. ಮಿರ್-34ಎ ಅನ್ನುವ ಮೈಕ್ರೋ ಆರ್‌ಎನ್‌ಎ ಒಳ್ಳೆಯವುಗಳ ಪೈಕಿ. ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನ್ ಅದನ್ನು ಹೆಚ್ಚಿಸುತ್ತದೆ. ಈ ರೋಗದಲ್ಲಿ ಪಿ53 ಜೀನ್ ಕೆಟ್ಟಿರುವುದು ತುಂಬಾ ಸಾಮಾನ್ಯ, 34ಎ ಕೂಡ ಕಡಿಮೆ ಇರುತ್ತದೆ. ಆಗ ಅದು ತಗ್ಗಿಸಬೇಕಿದ್ದ, ಗಡ್ಡೆ ಬೆಳೆಸುವ ಪ್ರೋಟೀನ್‌ಗಳಿಗೆ ತಡೆ ಇಲ್ಲದಂತಾಗುತ್ತದೆ. ಮಿರ್-21 ಅನ್ನುವ ಇನ್ನೊಂದು ಮೈಕ್ರೋ ಆರ್‌ಎನ್‌ಎ ಇದರ ಉಲ್ಟಾ. ಅದು ಜಾಸ್ತಿಯಾಗಿ, ಗಡ್ಡೆ ಹರಡದಂತೆ ತಡೆಯುವ ಪ್ರೋಟೀನ್‌ಗಳನ್ನೇ ತಗ್ಗಿಸಿಬಿಡುತ್ತದೆ. ಹೀಗೆ ಬರೆದರೆ ಹೇಗೆ: "ಕೆಲವು ಮೈಕ್ರೋ ಆರ್‌ಎನ್‌ಎಗಳು ಕಡಿಮೆಯಾದರೂ, ಇನ್ನು ಕೆಲವು ಜಾಸ್ತಿಯಾದರೂ ಮೂಳೆ ಕ್ಯಾನ್ಸರ್ ಬೆಳೆಯಲು ದಾರಿಯಾಗುತ್ತದೆ."

ಇನ್ನು "ಕಿರು ಆರ್‌ಎನ್‌ಎ" ಅಂದ ಹಿರಿಯರಿಗೆ. ಸರ್, ಕಿರು ಆರ್‌ಎನ್‌ಎ ಅನ್ನುವುದು ಇಡೀ ಕುಟುಂಬಕ್ಕೆ ಒಪ್ಪುವ ಹೆಸರು. ಮೈಕ್ರೋ ಅದರಲ್ಲಿ ಒಂದು ಬಗೆ ಮಾತ್ರ. ಅಪ್ಪನ ಹೆಸರನ್ನೇ ಮಗನಿಗೂ ಇಟ್ಟರೆ ಉಳಿದ ಮಕ್ಕಳನ್ನು ಏನಂತ ಕರೆಯೋದು? ಅಮೆರಿಕದ ವಿಜ್ಞಾನಿಗಳಾದ ಆ್ಯಂಬ್ರೋಸ್ ಮತ್ತು ರವ್ಕನ್ ಅವರ ತಂಡಗಳು ಹುಳುವಿನಲ್ಲಿ ಮೊದಲ ಮೈಕ್ರೋ ಆರ್‌ಎನ್‌ಎಯನ್ನು ಕಂಡ ವಿಷಯ ಹೊರಬಂದದ್ದು 1993ರಲ್ಲಿ. ಅವರಿಬ್ಬರಿಗೆ 2024ರಲ್ಲಿ ನೊಬೆಲ್ ಬಂದಾಗ ನಮ್ಮ ಪತ್ರಿಕೆಗಳೂ ಮೈಕ್ರೋ ಆರ್‌ಎನ್‌ಎ ಅಂತಲೇ ಬರೆದವು. ಓದಿದವರಿಗೆ ತೊಡಕಾಗಲಿಲ್ಲ. ಕ್ಯಾನ್ಸರಿಗೆ ಕೆಲವರು ಹೇಳುವ "ಏಡಿಗಂತಿ"ಯೂ ಅಷ್ಟೇ. ಗಂತಿ (ಗಡ್ಡೆ) ಚೆಂದದ ಪದ, ಒಪ್ಪುತ್ತೇನೆ. ಆದರೆ ಏಡಿ ಎಲ್ಲಿಂದ ಬಂತು? ಗ್ರೀಕರು ಈ ರೋಗಕ್ಕೆ ಏಡಿಯ ಹೆಸರಿಟ್ಟಿದ್ದರಿಂದ. ಪದ ನಮ್ಮದು, ಕಲ್ಪನೆ ಎರವಲು. ಕ್ಯಾನ್ಸರ್ ಅಂದರೆ ಹಳ್ಳಿಯ ಅಜ್ಜಿಗೂ ಗೊತ್ತಾಗುತ್ತೆ. ಗೊತ್ತಾಗುವ ಪದವನ್ನು ತೆಗೆದು ಗೊತ್ತಾಗದ್ದನ್ನು ಹಾಕುವುದಕ್ಕೆ ಕನ್ನಡ ಪ್ರೀತಿ ಅಂತ ಹೆಸರಿಡಬೇಡಿ.

ಮೇಡಂ, ಒಂದು ತಿಳಿಸಿ. ಫಲಕ ಎಲ್ಲಿ ಹಾಕುತ್ತೀರಿ? ಹುಬ್ಬಳ್ಳಿ, ಗದಗ ಕಡೆಯಾದರೆ "ಮೂಳೆ" ತೆಗೆದು "ಎಲುಬು" ಮಾಡಿ.