ಬ್ರಿಟನ್ನಿನ ಫ್ಯೂಚರ್ ಜಾಬ್ಸ್ ಫಂಡ್: ಆರು ತಿಂಗಳ ಕೆಲಸದಿಂದ ಪ್ರಯೋಜನವಾಯಿತೇ?

ಪ್ರಶ್ನೆ: 2009ರಲ್ಲಿ ಬ್ರಿಟನ್ ಸರ್ಕಾರವು ದೀರ್ಘಕಾಲ ಕೆಲಸವಿಲ್ಲದೆ ಉಳಿದಿದ್ದ 18ರಿಂದ 24 ವರ್ಷದವರಿಗೆ ಸ್ಥಳೀಯ ಪೌರಸಂಸ್ಥೆಗಳ ಮೂಲಕವೂ ಆರು ತಿಂಗಳ ಉದ್ಯೋಗ ಕೊಡಿಸಿತು. ಅವಧಿ ಮುಗಿದ ಮೇಲೆ ಅವರ ಗತಿಯೇನು? ತಿಳಿದವರು ದಯವಿಟ್ಟು ವಿವರಿಸುವಿರಾ?

ಉತ್ತರ 1: ಪ್ರತಿ ಹುದ್ದೆಗೆ ಸರ್ಕಾರವು ಗರಿಷ್ಠ 6,500 ಪೌಂಡ್ ನೀಡುತ್ತಿತ್ತು, ವಾರಕ್ಕೆ ಕನಿಷ್ಠ 25 ಗಂಟೆಗಳ ದುಡಿಮೆ, ಕನಿಷ್ಠ ವೇತನಕ್ಕಿಂತ ಕಡಿಮೆಯಿಲ್ಲದ ಸಂಬಳ, ಜೊತೆಗೆ ಆ ಕೆಲಸದಿಂದ ಊರಿಗೂ ಉಪಯೋಗವಾಗಬೇಕೆಂಬ ಷರತ್ತು ಇತ್ತು. ಅವಧಿ ಮುಗಿದರೂ ಮುಂದಿನ ಅರ್ಜಿಯಲ್ಲಿ ಬರೆಯಲು ಅನುಭವವೊಂದು ಉಳಿಯುತ್ತಿತ್ತು; ಅದನ್ನು ಅಲ್ಪವೆಂದು ನಾನು ಭಾವಿಸಲಾರೆ.

ಉತ್ತರ 2: 2010ರಲ್ಲಿ ಅಧಿಕಾರಕ್ಕೆ ಬಂದ ಸಮ್ಮಿಶ್ರ ಸರ್ಕಾರ ಇದನ್ನು ಕೈಬಿಟ್ಟಿತು. ಆದರೆ 2012ರಲ್ಲಿ ಪ್ರಕಟವಾದ ಸರ್ಕಾರದ್ದೇ ಮೌಲ್ಯಮಾಪನವು, ಭಾಗವಹಿಸಿದ ಪ್ರತಿಯೊಬ್ಬರಿಂದ ಸಮಾಜಕ್ಕೆ ಸುಮಾರು 7,750 ಪೌಂಡ್ ನಿವ್ವಳ ಲಾಭವಾಯಿತೆಂದು ಅಂದಾಜಿಸಿತು. ಫಲ ತಿಳಿಯುವ ಮುನ್ನವೇ ನಿಲ್ಲಿಸಿದ್ದು ನನಗೆ ಇಂದಿಗೂ ನೋವಿನ ಸಂಗತಿ.