ಹೋಮ್‌ಲೆಸ್ ಅನ್ನಲು ಯಾವ ಪದ? ಸೂರು, ಮನೆ, ನೆಲೆ

ಎಲ್ಲರಿಗೂ ನಮಸ್ಕಾರ.

ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಊರಿಗೆ ಎಷ್ಟು ಮನೆ ಬೇಕು, ಎಂಥ ಮನೆ ಬೇಕು, ಮನೆಯೇ ಇಲ್ಲದವರು ಎಷ್ಟು ಮಂದಿ ಅಂತ ಲೆಕ್ಕ ಹಾಕುವ ಬಗೆಯನ್ನು ಅದು ಹೇಳಿಕೊಡುತ್ತದೆ. ಕೆಲಸ ಸಲೀಸಾಗಿಯೇ ಸಾಗುತ್ತಿತ್ತು. ಸಿಕ್ಕಿಹಾಕಿಕೊಂಡಿದ್ದು ಒಂದೇ ಪದದಲ್ಲಿ: ಹೋಮ್‌ಲೆಸ್.

ಮೊದಲು ಕೈಗೆ ಬಂದದ್ದು ‘ನಿರಾಶ್ರಿತರು’. ಆದರೆ ಈ ಪದ ಕೇಳಿದರೆ ಯುದ್ಧ, ಗಡಿ, ಶಿಬಿರ ಕಣ್ಣಮುಂದೆ ಬರುತ್ತವೆ. ರೆಫ್ಯೂಜಿಗೂ ನಾವು ಅದನ್ನೇ ಬಳಸುತ್ತೇವಲ್ಲ. ಬಾಡಿಗೆ ಕಟ್ಟಲಾಗದೆ ಹೊರಬಿದ್ದ ಗುಮಾಸ್ತನನ್ನು ಅದರಲ್ಲಿ ಹೇಗೆ ತುರುಕುವುದು? ‘ನಿರ್ಗತಿಕ’ ಇನ್ನೂ ಒರಟು. ಗತಿಯೇ ಇಲ್ಲ ಅಂತ ಕೈತೊಳೆದುಕೊಂಡ ಹಾಗೆ. ಕೆಲಸಕ್ಕೆ ಹೋಗಿ ಸಂಬಳ ತರುವವರಲ್ಲೂ ಮನೆ ಇಲ್ಲದವರಿದ್ದಾರೆ. ‘ಅಲೆಮಾರಿ’ಯಂತೂ ಬೇರೆಯದೇ ಬದುಕು.

ಕಡತಗಳಲ್ಲಿ ಇರುವುದು ‘ವಸತಿರಹಿತ’. ಇದೇ ಸರಿ ಅಂತ ಒಂದು ವಾರ ನಂಬಿದ್ದೆ. ತೊಡಕು ಏನೆಂದರೆ, ನಮ್ಮಲ್ಲಿ ‘ವಸತಿರಹಿತರು, ನಿವೇಶನರಹಿತರು’ ಅಂತ ಜೋಡಿಯಾಗಿ ಬಳಸಿ ಬಳಸಿ ಅದಕ್ಕೆ ‘ಸ್ವಂತ ಮನೆ ಇಲ್ಲದವರು’ ಅನ್ನುವ ಅರ್ಥ ಅಂಟಿಕೊಂಡಿದೆ. ಆಡುಮಾತಿನ ‘ಮನೆ ಇಲ್ಲದವರು’ ಕೂಡ ಹಾಗೆಯೇ. ‘ನಮಗೆಲ್ಲಿದೆ ಮನೆ, ಬಾಡಿಗೆಗೆ ಇದ್ದೀವಿ’ ಅನ್ನುವುದು ದಿನಾ ಕೇಳುವ ಮಾತು ತಾನೆ? ಹೀಗಾದರೆ ಬಾಡಿಗೆಯವರೆಲ್ಲ ಪಟ್ಟಿಗೆ ಸೇರುತ್ತಾರೆ, ನಿಜವಾಗಿ ಸೇರಬೇಕಾದವರು ನಡುವೆ ಕಳೆದುಹೋಗುತ್ತಾರೆ. (ವಸತಿಗೆ ಇನ್ನೊಂದು ಮುಖವೂ ಇದೆ. ರಾತ್ರಿ ಊರಲ್ಲೇ ತಂಗಿ ಬೆಳಗ್ಗೆ ಹೊರಡುವ ಬಸ್ಸನ್ನು ‘ವಸ್ತಿ ಬಸ್’ ಅನ್ನುತ್ತಾರೆ. ಅಲ್ಲಿ ವಸತಿ ಎಂದರೆ ಒಂದು ರಾತ್ರಿಯ ತಂಗುವಿಕೆ, ಅಷ್ಟೇ.)

ಪ್ರಶ್ನಾವಳಿಯ ಕರಡನ್ನು ಒಬ್ಬರಿಗೆ ಓದಿ ನೋಡೋಣ ಅಂತ ಪರಿಚಯದ ಹೆಂಗಸೊಬ್ಬರ ಹತ್ತಿರ ಕೂತೆ. ‘ನೀವು ವಸತಿರಹಿತರೇ?’ ಅಂತ ಕೇಳಿದೆ.

‘ಅಯ್ಯೋ, ಇಲ್ಲಪ್ಪ. ಅಕ್ಕನ ಮನೇಲಿದ್ದೀನಿ.’

ಆ ಹಾಳೆ ಪಕ್ಕಕ್ಕಿಟ್ಟು ಸುಮ್ನೆ ಮಾತಿಗೆಳೆದೆ. ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ? ಹಾಲ್‌ನಲ್ಲಿ, ಟಿವಿ ಆಫ್ ಆದಮೇಲೆ. ಬಟ್ಟೆಬರೆ ಎಲ್ಲಿ ಇಡ್ತೀರಿ? ಮಂಚದ ಕೆಳಗೆ ಒಂದು ಬ್ಯಾಗಲ್ಲಿ. ಬೀಗದ ಕೈ ಇದೆಯಾ? ಇಲ್ಲ. ಮುಂದಿನ ತಿಂಗಳೂ ಅಲ್ಲೇ ಇರಬಹುದಾ? ಇದಕ್ಕೆ ಅವರು ತುಸು ಹೊತ್ತು ಸುಮ್ಮನಿದ್ದು, ‘ಭಾವ ಏನಂತಾರೋ’ ಅಂದರು.

ಕೈಪಿಡಿಯ ಲೆಕ್ಕದಲ್ಲಿ ಇವರು ಖಂಡಿತ ಪಟ್ಟಿಯೊಳಗೆ ಬರಬೇಕಾದವರು. ನನ್ನ ಪದವೇ ಅವರನ್ನು ಹೊರಗಿಟ್ಟಿತು.

ಯುರೋಪಿನಲ್ಲಿ ಈ ತೊಡಕಿಗೆ ಫಿಯಾಂಟ್ಸಾ ಎಂಬ ಸಂಘಟನೆ 2005ರಲ್ಲಿ ‘ಈಥೋಸ್’ ಅನ್ನುವ ವಿಂಗಡಣೆ ಮಾಡಿತು. ಅದರಲ್ಲಿ ನಾಲ್ಕು ಬಗೆ. ರೂಫ್‌ಲೆಸ್ ಅಂದರೆ ಬಯಲಲ್ಲೋ ರಾತ್ರಿ ತಂಗುದಾಣದಲ್ಲೋ ಮಲಗುವವರು. ಹೌಸ್‌ಲೆಸ್ ಅಂದರೆ ತಾತ್ಕಾಲಿಕ ಆಶ್ರಯಧಾಮದಂಥ ಕಡೆ ಇರುವವರು. ಮೂರನೆಯದು ಇನ್‌ಸೆಕ್ಯೂರ್: ಯಾವಾಗ ಎಬ್ಬಿಸುತ್ತಾರೋ ಅನ್ನುವ ಭಯದಲ್ಲಿ ಇರುವವರು, ಬೇರೆಯವರ ಮನೆಯಲ್ಲಿ ದಿನ ದೂಡುವವರು. ನಾಲ್ಕನೆಯದು ವಾಸಕ್ಕೆ ತಕ್ಕುದಲ್ಲದ ಕಡೆ, ಇಲ್ಲವೇ ವಿಪರೀತ ಇಕ್ಕಟ್ಟಿನಲ್ಲಿ ಇರುವವರು. ಇದರ ಹಿಂದೆ ಮೂರು ಪ್ರಶ್ನೆಗಳಿವೆ: ಇರಲು ತಕ್ಕ ಜಾಗ ಇದೆಯಾ, ಅಲ್ಲಿ ನಮ್ಮದು ಅನ್ನುವ ಖಾಸಗಿ ಬದುಕು ಸಾಧ್ಯವಾ, ಇರಲು ಕಾನೂನಿನ ಹಕ್ಕು ಇದೆಯಾ.

ಕನ್ನಡದಲ್ಲಿ ಇದಕ್ಕೆ ಪದ ಕಟ್ಟಬೇಕಾಗಿಯೇ ಇಲ್ಲ ಅನ್ನಿಸಿತು. ಸೂರು, ಮನೆ, ನೆಲೆ ಬೇರೆ ಬೇರೆ ಅಂತ ನಮಗೆ ಮೊದಲೇ ಗೊತ್ತು. ತಲೆ ಮೇಲೆ ಇರುವುದು ಸೂರು. ಬಾಗಿಲು ಹಾಕಿಕೊಂಡರೆ ನಮ್ಮದಾಗುವುದು ಮನೆ. ನಾಳೆಯೂ ಇಲ್ಲೇ ಇರುತ್ತೇನೆ ಅನ್ನುವ ಧೈರ್ಯ ನೆಲೆ. ‘ಎಲ್ಲೂ ನೆಲೆ ನಿಲ್ಲಲಿಲ್ಲ’ ಅನ್ನುವಾಗ ನಾವು ಗೋಡೆ, ಚಾವಣಿಯ ಬಗ್ಗೆ ಮಾತಾಡುತ್ತಿಲ್ಲ, ಅಲ್ವಾ? ಆ ಹೆಂಗಸಿಗೆ ಸೂರು ಇದೆ, ನೆಲೆ ಇಲ್ಲ. ಅದಕ್ಕೇ ರೂಫ್‌ಲೆಸ್‌ಗೆ ‘ಸೂರಿಲ್ಲದವರು’, ಹೌಸ್‌ಲೆಸ್‌ಗೆ ‘ಮನೆಯಿಲ್ಲದವರು’, ಎಲ್ಲರನ್ನೂ ಒಳಗೊಳ್ಳುವ ಹೋಮ್‌ಲೆಸ್‌ಗೆ ‘ನೆಲೆಯಿಲ್ಲದವರು’ ಅಂತ ಇಟ್ಟಿದ್ದೇನೆ. ಎರಡನೆಯದಕ್ಕೆ ಬಾಡಿಗೆಯ ತೊಡಕು ಇದ್ದೇ ಇದೆ. ಅಲ್ಲಿ ಒಂದು ಸಾಲಿನ ವಿವರಣೆ ಬೇಕಾಗುತ್ತದೆ. ನೆಲೆಗೆ ‘ಸೇನಾನೆಲೆ’ಯ ಅರ್ಥವೂ ಇದೆ ಅಂತ ಗೆಳೆಯರೊಬ್ಬರು ತಕರಾರು ತೆಗೆದರು. ಸೇನೆ ಜೊತೆಗಿಲ್ಲದಿದ್ದರೆ ಗೊಂದಲ ಆಗದು ಅಂತ ನನಗನ್ನಿಸುತ್ತದೆ.

ಈ ವ್ಯತ್ಯಾಸ ಲೆಕ್ಕವನ್ನೇ ಬದಲಿಸಿಬಿಡುತ್ತದೆ. ಅಮೆರಿಕದಲ್ಲಿ ಜನವರಿಯ ಕೊನೆಯ ಹತ್ತು ದಿನಗಳಲ್ಲಿ ಒಂದು ರಾತ್ರಿಯನ್ನು ಗೊತ್ತುಮಾಡಿ ತಂಗುದಾಣ, ಬೀದಿಗಳಲ್ಲಿರುವವರನ್ನು ಎಣಿಸುತ್ತಾರೆ. 2024ರ ಎಣಿಕೆಯಲ್ಲಿ ಸಿಕ್ಕಿದ್ದು 7,71,480 ಜನ. ನೆಂಟರ ಮನೆಯಲ್ಲಿ ಇಕ್ಕಟ್ಟಿನಲ್ಲಿ ಇರುವವರು ಅದರಲ್ಲಿ ಇಲ್ಲ. ಆದರೆ ಅದೇ ದೇಶದ ಶಾಲೆಗಳ ಲೆಕ್ಕದಲ್ಲಿ, ಮನೆ ಕಳೆದುಕೊಂಡು ಹಾಗೆ ಇರುವ ಮಕ್ಕಳೂ ಹೋಮ್‌ಲೆಸ್. ಪದ ಒಂದೇ, ಎಣಿಕೆ ಎರಡು.

ಹೀಗೆ ಎಣಿಕೆಯಿಂದ ತಪ್ಪಿಹೋಗುವವರ ಸ್ಥಿತಿಗೆ ಇಂಗ್ಲಿಷಿನಲ್ಲಿ ‘ಹಿಡನ್ ಹೋಮ್‌ಲೆಸ್‌ನೆಸ್’ ಅನ್ನುತ್ತಾರೆ. ‘ಅಡಗಿದ’ ಅಂದರೆ ತಪ್ಪು ಮಾಡಿ ಬಚ್ಚಿಟ್ಟುಕೊಂಡ ಹಾಗಿದೆ. ‘ಲೆಕ್ಕಕ್ಕೆ ಸಿಗದ’ ಅಂದರೆ ತಪ್ಪು ಎಣಿಸುವವರ ಕಡೆ ಬರುತ್ತದೆ, ಅದೇ ನ್ಯಾಯ. ಇನ್ನು ‘ಸೋಫಾ ಸರ್ಫಿಂಗ್’, ಅಂದರೆ ಸ್ವಂತ ನೆಲೆಯಿಲ್ಲದೆ ನೆಂಟರ, ಗೆಳೆಯರ ಮನೆಗಳಲ್ಲಿ ಕೆಲವು ದಿನ ಅಲ್ಲಿ, ಕೆಲವು ದಿನ ಇಲ್ಲಿ ಮಲಗಿ ದಿನ ದೂಡುವುದು. ಒಬ್ಬರು ‘ಸೋಫಾ ಸವಾರಿ’ ಅಂದರು, ನಕ್ಕು ಬಿಟ್ಟೆವು. ನನಗೆ ಹೊಳೆದದ್ದು ‘ಹಂಗಿನ ವಾಸ’. ಹಂಗು ಅಂದಕೂಡಲೇ ಆ ಬದುಕಿನ ಮುಜುಗರ ಅಷ್ಟೂ ಬಂದುಬಿಡುತ್ತದೆ. ಗಣತಿಯ ಹಾಳೆಗೆ ಅದು ಚುಚ್ಚುವ ಪದ ಆಯಿತೇನೋ. ನೀವೇನಂತೀರಿ?

ಉಳಿದವು ಚಿಕ್ಕ ವಿಷಯ. ಅಸೆಸ್‌ಮೆಂಟ್‌ಗೆ ‘ಮೌಲ್ಯಮಾಪನ’ ಬೇಡ. ಪರೀಕ್ಷೆಯ ಉತ್ತರ ಪತ್ರಿಕೆ ನೆನಪಾಗುತ್ತದೆ. ‘ಅಗತ್ಯದ ಅಂದಾಜು’ ಸಾಕು. ನೀಡ್ ಮತ್ತು ಡಿಮ್ಯಾಂಡ್ ಎರಡಕ್ಕೂ ‘ಬೇಡಿಕೆ’ ಬರೆಯುವುದು ಮಾತ್ರ ದೊಡ್ಡ ತಪ್ಪು. ಮಾರುಕಟ್ಟೆಯ ಬೇಡಿಕೆಗೆ ಜೇಬಿನಲ್ಲಿ ದುಡ್ಡು ಇರಬೇಕು, ಅಗತ್ಯಕ್ಕೆ ಬೇಕಿಲ್ಲ. ಕೆನಡಾದ ಅಳತೆಗೋಲು ನೋಡಿ: ಮನೆಗೆ ದೊಡ್ಡ ರಿಪೇರಿ ಬೇಕು, ಇಲ್ಲವೇ ಮಲಗುವ ಕೋಣೆ ಸಾಲದು, ಇಲ್ಲವೇ ಆದಾಯದ ಶೇ. 30 ಅಥವಾ ಇನ್ನೂ ಜಾಸ್ತಿ ಮನೆಗೇ ಹೋಗುತ್ತದೆ. ಜೊತೆಗೆ ಅದೇ ಊರಲ್ಲಿ ಇದಕ್ಕಿಂತ ಸರಿಯಾದ ಮನೆ ಹಿಡಿಯುವ ಶಕ್ತಿಯೂ ಇಲ್ಲ. ಅಂಥ ಮನೆಯವರನ್ನು ‘ಅಗತ್ಯ’ದ ಲೆಕ್ಕಕ್ಕೆ ಹಿಡಿಯುತ್ತಾರೆ. ದುಡ್ಡಿಲ್ಲದ್ದರಿಂದಲೇ ಅವರು ಲೆಕ್ಕಕ್ಕೆ ಬರುತ್ತಾರೆ.

ನನ್ನ ಪ್ರಶ್ನೆ ಇಷ್ಟು. ‘ನೆಲೆಯಿಲ್ಲದವರು’ ನಿಮ್ಮ ಕಡೆಯ ಮಾತಿನಲ್ಲಿ ಯಾವ ಅರ್ಥ ಕೊಡುತ್ತದೆ? ಬೈಗುಳದ ವಾಸನೆ ಏನಾದರೂ ಇದೆಯಾ? ‘ಮನೆಮಠ ಇಲ್ಲದವನು’ ಅನ್ನುವುದರಲ್ಲಿ ಇದೆಯಲ್ಲ, ಹಾಗೆ. ಹಾಳೆಯ ಮೊದಲ ಪ್ರಶ್ನೆಯನ್ನಂತೂ ಬದಲಿಸಿಬಿಟ್ಟೆ. ಈಗ ಅಲ್ಲಿ ಇರುವುದು: ‘ನಿನ್ನೆ ರಾತ್ರಿ ಎಲ್ಲಿ ಮಲಗಿದ್ದಿರಿ?’